ಬರೆದದ್ದನ್ನೇ ಮತ್ತೆ ಬರೆದಿದ್ದೇನೆಯೇ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಫೋನು, ಕಂಪ್ಯೂಟರುಗಳಲ್ಲಿ ರಾಶಿಬಿದ್ದಿರುವ ಸ್ವಂತ ಟಿಪ್ಪಣಿಗಳಲ್ಲಿ ಮರುಕಳಿಸುವ ಮಾತುಗಳನ್ನು ಹುಡುಕುವುದು ಹೇಗೆಂದು ಕೇಳಿ ಬಂದ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಮೆನುಗಳ ಹೆಸರು ಪರದೆಯ ಮೇಲೆ ಇಂಗ್ಲಿಷಿನಲ್ಲಿರುತ್ತದೆ. ಇಲ್ಲಿ ಅದನ್ನೇ ಕನ್ನಡ ಲಿಪಿಯಲ್ಲಿ ಕೊಟ್ಟಿದೆ.

ಪ್ರಶ್ನೆ: ಆರೇಳು ವರ್ಷದಿಂದ ಗೂಗಲ್ ಕೀಪ್‌ನಲ್ಲಿ, ವಾಟ್ಸಾಪ್‌ನಲ್ಲಿ ನನಗೆ ನಾನೇ ಕಳಿಸಿಕೊಂಡ ಸಂದೇಶಗಳಲ್ಲಿ, ಈಚೆಗೆ ಅಬ್ಸಿಡಿಯನ್ ಎಂಬ ಟಿಪ್ಪಣಿ ಆ್ಯಪ್‌ನಲ್ಲಿ ಪಾಠದ ಟಿಪ್ಪಣಿ, ಮನೆಗೆಲಸ, ಓದಿದ ಪುಸ್ತಕದ ಸಾಲು ಎಲ್ಲವನ್ನೂ ಬರೆದಿಡುತ್ತ ಬಂದಿದ್ದೇನೆ. ಒಂದೇ ಮಾತನ್ನು ಹತ್ತಾರು ಕಡೆ ಬರೆದಿದ್ದೇನೆ ಅನ್ನಿಸುತ್ತದೆ. ಪ್ರೋಗ್ರಾಮಿಂಗ್ ಬಾರದು. ಯಾವ ಮಾತು ಎಷ್ಟು ಸಲ ಬಂದಿದೆ ಎಂದು ತಿಳಿಯುವುದು ಹೇಗೆ? (ಪ್ರೌಢಶಾಲಾ ಶಿಕ್ಷಕಿ, ಸಾಗರ)

ಆ್ಯಪ್‌ನಲ್ಲಿರುವ ಹುಡುಕಾಟದ ಪೆಟ್ಟಿಗೆ ಈ ಕೆಲಸಕ್ಕೆ ಬರುವುದಿಲ್ಲ. ಏನು ಹುಡುಕಬೇಕೆಂದು ಮೊದಲೇ ಗೊತ್ತಿದ್ದವರಿಗೆ ಮಾತ್ರ ಅದರಿಂದ ಉಪಯೋಗ. ನಿಮಗೆ ಬೇಕಾದದ್ದು ಪಠ್ಯವನ್ನೆಲ್ಲ ಎರಡೆರಡು, ಮೂರುಮೂರು ಪದಗಳ ತುಂಡುಗಳಾಗಿ ಎಣಿಸಿಕೊಡುವ ಸಾಧನ. ಭಾಷಾ ಸಂಶೋಧಕರು ಇಂಥ ತುಂಡನ್ನು ಎನ್-ಗ್ರಾಮ್ ಎನ್ನುತ್ತಾರೆ. ಹತ್ತು ಪದದ ಒಂದು ವಾಕ್ಯದಲ್ಲಿ ಮೂರು ಪದದ ತುಂಡುಗಳು ಎಂಟು ಸಿಗುತ್ತವೆ: ಒಂದರಿಂದ ಮೂರು, ಎರಡರಿಂದ ನಾಲ್ಕು, ಹೀಗೆ. ಇದಕ್ಕೆ ನಾವು ಸೂಚಿಸುವುದು ಆ್ಯಂಟ್‌ಕಾಂಕ್. ಜಪಾನಿನ ವಸೇಡಾ ವಿಶ್ವವಿದ್ಯಾಲಯದ ಲಾರೆನ್ಸ್ ಆಂಟನಿ ಬರೆದದ್ದು, ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಎಲ್ಲ ಕೆಲಸವೂ ನಿಮ್ಮ ಕಂಪ್ಯೂಟರಿನೊಳಗೇ ಆಗುವುದರಿಂದ ಟಿಪ್ಪಣಿಗಳು ಹೊರಗೆ ಹೋಗುವುದಿಲ್ಲ.

ಎಣಿಕೆ ಹತ್ತು ನಿಮಿಷದ ಕೆಲಸ. ಅದಕ್ಕೆ ಮುಂಚಿನ ಶುಚಿ ಕೆಲಸಕ್ಕೆ ಒಂದು ಇಡೀ ಮಧ್ಯಾಹ್ನ ಬೇಕು. ಅದನ್ನು ಬಿಟ್ಟರೆ ಪಟ್ಟಿಯಲ್ಲಿ ಕಸವೇ ಮೇಲೆ ಬರುತ್ತದೆ.

ಮೊದಲು ಎಲ್ಲವನ್ನೂ ಒಂದು ಹೊಸ ಫೋಲ್ಡರಿಗೆ ಸೇರಿಸಿ. ಕೀಪ್‌ನಿಂದ ತೆಗೆಯಲು ಎರಡು ದಾರಿ. ಖಾತೆಯ ಮಾಹಿತಿ ಇಳಿಸಿಕೊಳ್ಳುವ ಗೂಗಲ್ ಟೇಕ್‌ಔಟ್‌ನಲ್ಲಿ ಕೀಪ್ ಒಂದನ್ನೇ ಆರಿಸಿದರೆ ಪ್ರತಿ ಟಿಪ್ಪಣಿಗೂ ಎರಡು ಕಡತ ಬರುತ್ತವೆ, ಒಂದು ಎಚ್‌ಟಿಎಂಎಲ್, ಇನ್ನೊಂದು ಜೇಸನ್. ಇಡೀ ಫೋಲ್ಡರನ್ನು ಹಾಗೆಯೇ ಎಣಿಕೆಗೆ ಕೊಟ್ಟವರಿಗೆ ಪ್ರತಿಯೊಂದು ಮಾತೂ ಎರಡು ಸಲ ಬಂದಂತೆ ಕಾಣುತ್ತದೆ. ಈ ತಪ್ಪು ಬಹಳ ಸಾಮಾನ್ಯ. ಪ್ರೋಗ್ರಾಮಿಂಗ್ ಬಾರದವರಿಗೆ ಎರಡನೆಯ ದಾರಿ ಸಲೀಸು: ಕಂಪ್ಯೂಟರಿನಲ್ಲಿ ಕೀಪ್ ತೆರೆದು, ಒಂದು ವರ್ಷದ ಟಿಪ್ಪಣಿಗಳನ್ನು ಒಟ್ಟಿಗೆ ಆಯ್ದು, ಮೂರು ಚುಕ್ಕೆಯ ಮೆನುವಿನಲ್ಲಿ 'ಕಾಪಿ ಟು ಗೂಗಲ್ ಡಾಕ್ಸ್' ಒತ್ತಿ. ಎಲ್ಲ ಸೇರಿ ಒಂದೇ ಡಾಕ್ಯುಮೆಂಟ್ ಆಗುತ್ತದೆ. ಅದನ್ನು ಪ್ಲೇನ್ ಟೆಕ್ಸ್ಟ್ ಆಗಿ ಇಳಿಸಿಕೊಳ್ಳಿ. ಆರ್ಕೈವ್‌ಗೆ ಹಾಕಿದ ಟಿಪ್ಪಣಿಗಳು ಇದರಲ್ಲಿ ಬರುವುದಿಲ್ಲ, ಅಲ್ಲಿಗೆ ಹೋಗಿ ಬೇರೆಯಾಗಿ ಆಯಬೇಕು. ವರ್ಷಕ್ಕೊಂದು ಕಡತ ಮಾಡಿದರೆ ಒಂದು ಲಾಭವಿದೆ, ಅದನ್ನು ಮುಂದೆ ಹೇಳುತ್ತೇವೆ.

ಅಬ್ಸಿಡಿಯನ್ ಟಿಪ್ಪಣಿಗಳು ಆಗಲೇ ಸಾದಾ ಪಠ್ಯದ ಕಡತಗಳು, ಹೆಸರಿನ ಕೊನೆಯಲ್ಲಿ .ಎಂಡಿ ಇರುತ್ತದೆ. ಫೋಲ್ಡರಿನ ನಕಲು ಮಾಡಿ, ಆ ನಕಲಿನಲ್ಲಿ ಮಾತ್ರ ಹೆಸರಿನ ಕೊನೆಯನ್ನು .ಟಿಎಕ್ಸ್‌ಟಿ ಎಂದು ಬದಲಿಸಿ. ಮೂಲ ಫೋಲ್ಡರಿನಲ್ಲೇ ಕೈಯಾಡಿಸಿದರೆ, ಸಿಂಕ್ ಇದ್ದಲ್ಲಿ ಬದಲಾವಣೆ ನಿಮ್ಮ ಫೋನಿಗೂ ಹೋಗಿ ಕೊಂಡಿಗಳೆಲ್ಲ ಮುರಿಯುತ್ತವೆ.

ವಾಟ್ಸಾಪ್‌ನಲ್ಲಿ ಆ ಚಾಟ್ ತೆರೆದು 'ಎಕ್ಸ್‌ಪೋರ್ಟ್ ಚಾಟ್' ಒತ್ತಿ, 'ವಿದೌಟ್ ಮೀಡಿಯಾ' ಆರಿಸಿ. ಬರುವ ಕಡತದಲ್ಲಿ ಪ್ರತಿ ಸಂದೇಶದ ಮುಂದೆ ದಿನಾಂಕ, ವೇಳೆ, ನಿಮ್ಮ ಹೆಸರು ಅಂಟಿಕೊಂಡಿರುತ್ತವೆ. ಇದನ್ನು ತೆಗೆಯದಿದ್ದರೆ ಪಟ್ಟಿಯ ತುದಿಯಲ್ಲಿ ನಿಮ್ಮ ಹೆಸರೇ ಕೂರುತ್ತದೆ. ಲಿಬ್ರೆಆಫೀಸ್ ರೈಟರ್‌ನಲ್ಲಿ ಕಡತ ತೆರೆದು, 'ಫೈಂಡ್ ಅಂಡ್ ರಿಪ್ಲೇಸ್'ನಲ್ಲಿ 'ರೆಗ್ಯುಲರ್ ಎಕ್ಸ್‌ಪ್ರೆಶನ್' ಗುರುತು ಹಾಕಿ, ಹುಡುಕುವ ಜಾಗದಲ್ಲಿ ಇದನ್ನು ಬರೆಯಿರಿ:

^[0-9]+/[0-9]+/[0-9]+, [^-]*- [^:]*: 

ಕೊನೆಯ ಕೋಲನ್ ಆದಮೇಲೆ ಒಂದು ಖಾಲಿ ಜಾಗವಿದೆ, ಮರೆಯಬೇಡಿ. ಬದಲಿ ಜಾಗ ಖಾಲಿ ಬಿಟ್ಟು 'ರಿಪ್ಲೇಸ್ ಆಲ್' ಒತ್ತಿ. ಇದು ಆಂಡ್ರಾಯ್ಡ್ ಫೋನಿನ ಕಡತಕ್ಕೆ. ಐಫೋನಿನಲ್ಲಿ ದಿನಾಂಕ ಚೌಕ ಕಂಸದೊಳಗೆ ಇರುವುದರಿಂದ ^\[[^]]*\] [^:]*: ಎಂದು ಬರೆಯಬೇಕು. ವೇಳೆಗೂ ಅದರ ಮುಂದಿನ ಎಎಂ, ಪಿಎಂಗೂ ನಡುವೆ ಈಚಿನ ಕಡತಗಳಲ್ಲಿ ಸಾಮಾನ್ಯ ಖಾಲಿ ಜಾಗದ ಬದಲು ಬೇರೊಂದು ಬಗೆಯ ಕಿರಿದಾದ ಖಾಲಿ ಜಾಗ ಇರುತ್ತದೆ. ಅಲ್ಲಲ್ಲಿ ಸಿಗುವ ಸಿದ್ಧ ಸೂತ್ರಗಳು ಕೆಲಸ ಮಾಡದಿರಲು ಬಹುಮಟ್ಟಿಗೆ ಇದೇ ಕಾರಣ. ಮೇಲಿನ ಸೂತ್ರ ಆ ಜಾಗದಲ್ಲಿ ಏನಿದ್ದರೂ ದಾಟಿಕೊಂಡು ಹೋಗುತ್ತದೆ.

ಇನ್ನು ಕಸ. ದಿನಚರಿಗೆ ಟೆಂಪ್ಲೇಟ್ ಇಟ್ಟುಕೊಂಡಿದ್ದರೆ 'ಇಂದಿನ ಕೆಲಸ', 'ಓದಿದ್ದು', 'ನಾಳೆಗೆ' ಎಂಬ ತಲೆಬರಹಗಳು ದಿನಕ್ಕೊಂದರಂತೆ ನೂರಾರು ಇರುತ್ತವೆ. ಬಸವಣ್ಣನವರ ವಚನಗಳ ಪದಪಟ್ಟಿ ಮಾಡಹೊರಟವರಿಗೆ 'ಕೂಡಲಸಂಗಮದೇವ' ಮೊದಲೇ ಎದುರಾಗುವ ಹಾಗೆ ಇವು. ಅಂಕಿತ ಎಲ್ಲೆಲ್ಲೂ ಇರುತ್ತದೆ, ಈ ವಚನ ಏನು ಹೇಳುತ್ತಿದೆ ಎಂದು ಅದು ತಿಳಿಸುವುದಿಲ್ಲ. ತಲೆಬರಹಗಳನ್ನು ಅಳಿಸಿ. ಅಬ್ಸಿಡಿಯನ್ ಕಡತದ ಮೇಲ್ಭಾಗದಲ್ಲಿ ಮೂರು ಅಡ್ಡಗೆರೆಗಳ (---) ಎರಡು ಸಾಲುಗಳ ನಡುವೆ ಇರುವ ಮಾಹಿತಿ, ಜಾಲದ ವಿಳಾಸಗಳು, ಬೇರೆಡೆಯಿಂದ ತಂದು ಅಂಟಿಸಿದ ಲೇಖನಗಳು ಇವನ್ನೂ ತೆಗೆಯಿರಿ. ಪುಸ್ತಕದಿಂದ ಬರೆದುಕೊಂಡ ಸಾಲುಗಳನ್ನು ಬೇರೆ ಫೋಲ್ಡರಿಗೆ ಹಾಕಿ. ಅದು ಲೇಖಕರ ಮಾತು, ನಿಮ್ಮದಲ್ಲ.

ಈಗ ಆ್ಯಂಟ್‌ಕಾಂಕ್. ಫೈಲ್ ಮೆನುವಿನಲ್ಲಿ 'ಓಪನ್ ಕಾರ್ಪಸ್ ಮ್ಯಾನೇಜರ್', ಅಲ್ಲಿ 'ರಾ ಫೈಲ್ಸ್' ಆರಿಸಿ ಫೋಲ್ಡರನ್ನು ಸೇರಿಸಿ, 'ಕ್ರಿಯೇಟ್' ಒತ್ತಿ. ಎಣಿಕೆಗೆ ಕೊಟ್ಟ ಪಠ್ಯದ ರಾಶಿಗೇ ಕಾರ್ಪಸ್ ಎಂದು ಹೆಸರು. ಕ್ರಿಯೇಟ್ ಒತ್ತುವ ಮೊದಲು ಕನ್ನಡಕ್ಕಾಗಿ ಮಾಡಬೇಕಾದ ಒಂದು ಬದಲಾವಣೆ ಇದೆ, ಅದು ಮುಂದಿನ ಪ್ರಶ್ನೆಯ ಉತ್ತರದಲ್ಲಿದೆ. ಆಮೇಲೆ ಮುಖ್ಯ ಪರದೆಯಲ್ಲಿ ಎನ್-ಗ್ರಾಮ್ ವಿಭಾಗಕ್ಕೆ ಹೋಗಿ. ಇಂಗ್ಲಿಷಿನವರು ಸಾಮಾನ್ಯವಾಗಿ ನಾಲ್ಕೈದು ಪದ ಇಟ್ಟು ನೋಡುತ್ತಾರೆ. ಕನ್ನಡದಲ್ಲಿ ವಿಭಕ್ತಿಯೂ ಕ್ರಿಯೆಯ ಕಾಲವೂ ಪದದೊಳಗೇ ಸೇರಿರುವುದರಿಂದ ಎರಡು, ಮೂರು ಪದದಲ್ಲೇ ಅಷ್ಟು ಅರ್ಥ ಇರುತ್ತದೆ. ಆದರೂ ನೋಡುವಾಗ ಉದ್ದದ್ದರಿಂದ ಶುರುಮಾಡಿ: ಮೊದಲು ಐದು, ಆಮೇಲೆ ನಾಲ್ಕು, ಮೂರು, ಎರಡು. 'ನಾಳೆ ಬೆಳಿಗ್ಗೆ ಬ್ಯಾಂಕಿಗೆ ಹೋಗಬೇಕು' ಎಂದು 14 ಸಲ ಬರೆದಿದ್ದರೆ ಮೂರು ಪದದ ಪಟ್ಟಿಯಲ್ಲಿ ಅದೇ ಮಾತು 'ನಾಳೆ ಬೆಳಿಗ್ಗೆ ಬ್ಯಾಂಕಿಗೆ', 'ಬೆಳಿಗ್ಗೆ ಬ್ಯಾಂಕಿಗೆ ಹೋಗಬೇಕು' ಎಂದು ಎರಡು ಸಾಲಾಗಿ, ತಲಾ 14 ಎಂದು ಕಾಣುತ್ತದೆ. ಉದ್ದದ ಪಟ್ಟಿ ಮೊದಲು ನೋಡಿದ್ದರೆ ಇವೆರಡೂ ಒಂದರ ಚೂರುಗಳೆಂದು ಗೊತ್ತಾಗುತ್ತದೆ.

ಪಟ್ಟಿಯಲ್ಲಿ ಎರಡು ಅಂಕಣ ಗಮನಿಸಿ. 'ಫ್ರೀಕ್ವೆನ್ಸಿ' ಎಂದರೆ ಒಟ್ಟು ಎಷ್ಟು ಸಲ. 'ರೇಂಜ್' ಎಂದರೆ ಎಷ್ಟು ಕಡತಗಳಲ್ಲಿ. ನಮ್ಮ ಮಟ್ಟಿಗೆ ಎರಡನೆಯದೇ ಮುಖ್ಯ. ಒಂದೇ ಟಿಪ್ಪಣಿಯಲ್ಲಿ 30 ಸಲ ಬಂದ ಮಾತು ಅಂದಿನ ವಿಷಯವಷ್ಟೆ. ಏಳು ವರ್ಷದ ಏಳು ಕಡತಗಳಲ್ಲೂ ಒಂದೊಂದು ಸಲ ಬಂದ ಮಾತು ನಿಮ್ಮ ಅಭ್ಯಾಸ, ಅಥವಾ ಏಳು ವರ್ಷದಿಂದ ಬಾಕಿ ಉಳಿದ ಕೆಲಸ. ವರ್ಷಕ್ಕೊಂದು ಕಡತ ಮಾಡಿ ಎಂದದ್ದು ಇದಕ್ಕೇ. ಆದ್ದರಿಂದ ರೇಂಜ್ 3ಕ್ಕಿಂತ ಕಡಿಮೆ ಇರುವುದನ್ನು ಬಿಟ್ಟುಬಿಡಿ. ಉಳಿದ ಪಟ್ಟಿ ಒಂದೇ ಕೂತಿಗೆ ಓದುವಷ್ಟಾಗುತ್ತದೆ. ಯಾವುದೇ ಸಾಲಿನ ಮೇಲೆ ಒತ್ತಿದರೆ ಆ ಮಾತು ಬಂದ ವಾಕ್ಯಗಳೆಲ್ಲ ಒಂದರ ಕೆಳಗೊಂದು ಸಾಲಾಗಿ ನಿಲ್ಲುತ್ತವೆ.

ಪ್ರಶ್ನೆ: ಆ್ಯಂಟ್‌ಕಾಂಕ್‌ಗೆ ಕನ್ನಡ ಟಿಪ್ಪಣಿ ಕೊಟ್ಟರೆ 'ಕನ', 'ನಡ', 'ಡಬ' ಎಂಬ ಚೂರುಗಳೇ ಪಟ್ಟಿಯಾಗಿ ಬರುತ್ತವೆ. ಫಾಂಟಿನ ದೋಷವೇ? (ಸಂಶೋಧನಾ ವಿದ್ಯಾರ್ಥಿ, ಕಲಬುರಗಿ)

ಫಾಂಟಿನದಲ್ಲ. ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಯುನಿಕೋಡ್ ಲೆಕ್ಕದಲ್ಲಿ ಕ, ನ, ಡ ಇವು 'ಅಕ್ಷರ'. ಒತ್ತು ತರುವ ವಿರಾಮ, ಸ್ವರಚಿಹ್ನೆ, ಸೊನ್ನೆ ಇವೆಲ್ಲ 'ಗುರುತು' ಎಂಬ ಬೇರೆ ವರ್ಗ. ಪದ ಎಂದರೆ ಅಕ್ಷರಗಳ ಸಾಲು ಮಾತ್ರ ಎಂದು ತಂತ್ರಾಂಶಕ್ಕೆ ಹೇಳಿದ್ದರೆ ಅದು ಪ್ರತಿ ಗುರುತಿನಲ್ಲೂ ಪದವನ್ನು ಕತ್ತರಿಸುತ್ತದೆ. 'ಕನ್ನಡ'ದಲ್ಲಿ ಎರಡು ನಕಾರಗಳ ನಡುವೆ ವಿರಾಮ ಇದೆ, ಹಾಗಾಗಿ 'ಕನ' ಮತ್ತು 'ನಡ'. 'ಮಾಡಬೇಕು' ಎಂಬುದು 'ಮ', 'ಡಬ', 'ಕ' ಆಗುತ್ತದೆ. ಕಾರ್ಪಸ್ ಕಟ್ಟುವಾಗ 'ಟೋಕನ್ ಡೆಫಿನಿಷನ್' ಎಂಬಲ್ಲಿ 'ಲೆಟರ್' ಜೊತೆಗೆ 'ಮಾರ್ಕ್' ವರ್ಗವನ್ನೂ ಸೇರಿಸಿ, ಹೊಸದಾಗಿ ಕಟ್ಟಿ. ಕಟ್ಟಿಯಾದ ಕಾರ್ಪಸ್‌ಗೆ ಈ ಬದಲಾವಣೆ ತಾನಾಗಿ ತಗಲುವುದಿಲ್ಲ.

ಯಾವ ಸಾಧನ ಬಳಸಿದರೂ ಮೊದಲು ಪದಪಟ್ಟಿಯ ಮೊದಲ ಇಪ್ಪತ್ತು ಸಾಲು ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ. ಅಲ್ಲಿ 'ಮತ್ತು', 'ಒಂದು', 'ಈ', 'ಎಂದು' ಇಂಥವು ಇಡಿಯಾಗಿ ಕಂಡರೆ ಮುಂದುವರಿಯಬಹುದು.

ಪ್ರಶ್ನೆ: ಕಣ್ಣಿಗೆ ಒಂದೇ ಥರ ಕಾಣುವ ಪದ ಪಟ್ಟಿಯಲ್ಲಿ ಎರಡು ಕಡೆ, ಬೇರೆ ಬೇರೆ ಲೆಕ್ಕದಲ್ಲಿ ಬಂದಿದೆ. ಕೆಲವು ಹಳೆಯ ಕಡತಗಳಲ್ಲಂತೂ ಕನ್ನಡವೇ ಕಾಣುವುದಿಲ್ಲ, ಏನೋ ಇಂಗ್ಲಿಷ್ ಚಿಹ್ನೆಗಳು. (ನಿವೃತ್ತ ಕಚೇರಿ ನೌಕರರು, ಹಾಸನ)

ಎರಡಕ್ಕೂ ಕಾರಣ ಬೇರೆ. ಎರಡನೆಯದು ಸುಲಭ: ಅವು ಯುನಿಕೋಡ್ ಬಳಕೆಗೆ ಬರುವ ಮೊದಲಿನ ನುಡಿ ಅಥವಾ ಬರಹ ಫಾಂಟುಗಳಲ್ಲಿ ಟೈಪ್ ಮಾಡಿದವು. ಅಲ್ಲಿ ಕನ್ನಡ ಇದ್ದದ್ದು ಫಾಂಟಿನ ಚಿತ್ರದಲ್ಲಿ ಮಾತ್ರ. ಕಡತದೊಳಗೆ ಇರುವುದು ಲ್ಯಾಟಿನ್ ಚಿಹ್ನೆಗಳೇ. ಆ ಫಾಂಟ್ ಹಾಕಿದರೆ ಓದಬಹುದು, ಎಣಿಸಲಾಗದು. ನುಡಿ, ಬರಹ ಎರಡರ ತಂತ್ರಾಂಶದಲ್ಲೂ ಯುನಿಕೋಡ್‌ಗೆ ಬದಲಿಸುವ ಸೌಲಭ್ಯವಿದೆ. ಬದಲಿಸುವ ಮೊದಲು ಕಡತದಲ್ಲಿ ನಿಜವಾದ ಇಂಗ್ಲಿಷ್ ವಾಕ್ಯಗಳಿದ್ದರೆ ಬೇರೆ ಮಾಡಿ, ಇಲ್ಲವಾದರೆ ಅವೂ ಕನ್ನಡದ ಅರ್ಥವಿಲ್ಲದ ಅಕ್ಷರಗಳಾಗುತ್ತವೆ. ಅರ್ಕಾವತ್ತು ಇರುವ ಪದಗಳನ್ನು, ಒತ್ತಿನ ಮೇಲೆ ಒತ್ತು ಬರುವ ಪದಗಳನ್ನು ಬದಲಾವಣೆಯ ನಂತರ ಕಣ್ಣಾರೆ ನೋಡಿ, ಎಡವುವುದು ಅಲ್ಲೇ.

ಮೊದಲನೆಯದು ಕಣ್ಣಿಗೆ ಕಾಣದ ವ್ಯತ್ಯಾಸ. ಯುನಿಕೋಡ್‌ನಲ್ಲಿ 'ಕೋ' ಬರೆಯಲು ಓಕಾರಕ್ಕೆ ಒಂದೇ ಸಂಕೇತವೂ ಇದೆ. ಎಕಾರ, ಊಕಾರ, ದೀರ್ಘದ ಗುರುತು ಎಂದು ಮೂರು ಸಂಕೇತ ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಈ, ಏ, ಐ, ಒ ಸ್ವರಚಿಹ್ನೆಗಳಿಗೂ ಇದೇ ಪಾಡು. ಇದನ್ನು ಸರಿಮಾಡುವ ಕ್ರಮಕ್ಕೆ ನಾರ್ಮಲೈಸೇಷನ್ ಎನ್ನುತ್ತಾರೆ. ಎನ್‌ಎಫ್‌ಸಿ ಎಂಬ ಬಗೆಯನ್ನು ಆರಿಸಿದರೆ ಎಲ್ಲವೂ ಒಂದೇ ಸಂಕೇತದ ರೂಪಕ್ಕೆ ಬರುತ್ತವೆ.

ಅದಕ್ಕಿಂತ ಹೆಚ್ಚು ಕಾಡುವುದು ಅದೃಶ್ಯ ಸಂಕೇತಗಳು. 'ಸಾಫ್ಟ್‌ವೇರ್' ಎಂದು ಬರೆಯುವಾಗ ಟ ಮತ್ತು ವ ಒತ್ತಾಗಿ ಅಂಟದಂತೆ ಕೀಲಿಮಣೆ ನಡುವೆ ಒಂದು ಕಾಣದ ಸಂಕೇತ ಇಡುತ್ತದೆ. ಅದರ ಹೆಸರು ಜೀರೋ ವಿಡ್ತ್ ನಾನ್‌ಜಾಯಿನರ್. ಕೆಲವು ಕೀಲಿಮಣೆಗಳು 'ಬಸ್' ಎಂಬಂಥ, ವ್ಯಂಜನದಲ್ಲಿ ಮುಗಿಯುವ ಪದದ ಕೊನೆಯಲ್ಲೂ ಅದನ್ನು ಬಿಟ್ಟುಹೋಗುತ್ತವೆ. ಫೋನಿನಲ್ಲಿ ಬರೆದದ್ದೂ ಕಂಪ್ಯೂಟರಿನಲ್ಲಿ ಬರೆದದ್ದೂ ಬೇರೆ ಪದವೆಂದು ಎಣಿಕೆಯಾಗುವುದು ಹೀಗೆ. ಎಣಿಕೆಯ ನಕಲಿನಲ್ಲಿ ಇವನ್ನೆಲ್ಲ ಅಳಿಸಿ. ಒಂದನ್ನು ನಕಲಿಸಿ ಹುಡುಕುವ ಪೆಟ್ಟಿಗೆಯಲ್ಲಿ ಅಂಟಿಸಿದರೆ ಪೆಟ್ಟಿಗೆ ಖಾಲಿ ಕಾಣುತ್ತದೆ, ಆದರೂ 'ರಿಪ್ಲೇಸ್ ಆಲ್' ಕೆಲಸ ಮಾಡುತ್ತದೆ. 'ಸಾಫ್ಟ್ವೇರ್' ಎಂದು ವಿಚಿತ್ರವಾಗಿ ಕಂಡರೂ ಎಣಿಕೆಗೆ ತೊಂದರೆಯಿಲ್ಲ.

ಪ್ರಶ್ನೆ: ಕಚೇರಿಯ ಕಂಪ್ಯೂಟರಿನಲ್ಲಿ ಹೊಸ ತಂತ್ರಾಂಶ ಹಾಕಲು ಬಿಡುವುದಿಲ್ಲ. ಗೂಗಲ್ ಶೀಟ್ಸ್‌ನಲ್ಲಿ ಆಗುತ್ತದೆಯೇ? (ಸಹಕಾರ ಸಂಘದ ಲೆಕ್ಕಿಗರು, ಶಿರಸಿ)

ಆಗುತ್ತದೆ, ಐವತ್ತು ಸಾವಿರ ಪದದವರೆಗೆ ಆರಾಮಾಗಿ.

ಪಠ್ಯದಲ್ಲಿ ಪೂರ್ಣವಿರಾಮ, ಪ್ರಶ್ನಾರ್ಥಕ ಚಿಹ್ನೆ ಇದ್ದಲ್ಲೆಲ್ಲ ಎರಡೂ ಬದಿ ಖಾಲಿ ಜಾಗ ಬಿಟ್ಟು || ಹಾಕಿ. ಒಂದು ಟಿಪ್ಪಣಿ ಮುಗಿದು ಇನ್ನೊಂದು ಶುರುವಾಗುವಲ್ಲಿಯೂ ಹಾಗೆಯೇ. ಇದು ಗಡಿಗಲ್ಲು; ಇಲ್ಲದಿದ್ದರೆ ಒಂದು ವಾಕ್ಯದ ಕೊನೆಯ ಪದ ಮುಂದಿನ ವಾಕ್ಯದ ಮೊದಲ ಪದಕ್ಕೆ ಅಂಟಿ, ನೀವು ಬರೆಯದ ಮಾತುಗಳು ಪಟ್ಟಿಗೆ ಸೇರುತ್ತವೆ. ಅಲ್ಪವಿರಾಮ, ಉದ್ಧರಣ ಚಿಹ್ನೆಗಳನ್ನು ಅಳಿಸಿ. ಆಮೇಲೆ ಪ್ರತಿ ಟಿಪ್ಪಣಿ ಒಂದು ಕೋಶದಲ್ಲಿ ಇರುವಂತೆ ಶೀಟಿಗೆ ಹಾಕಿ, ಸ್ಪ್ಲಿಟ್ ಸೂತ್ರದಿಂದ ಪದಗಳನ್ನು ಒಡೆದು, ಫ್ಲಾಟನ್ ಸೂತ್ರದಿಂದ ಒಂದೇ ಅಂಕಣಕ್ಕೆ ಇಳಿಸಿ. ಟಿಪ್ಪಣಿಗಳ ಉದ್ದ ಬೇರೆ ಬೇರೆ ಇರುವುದರಿಂದ ನಡುನಡುವೆ ಖಾಲಿ ಕೋಶಗಳು ಬರುತ್ತವೆ. ಫಿಲ್ಟರ್ ಹಾಕಿ ತೆಗೆದು, ಉಳಿದದ್ದನ್ನು ಬೆಲೆಗಳಾಗಿ ಮಾತ್ರ ('ವ್ಯಾಲ್ಯೂಸ್ ಓನ್ಲಿ') ಹೊಸ ಹಾಳೆಯ ಮೊದಲ ಅಂಕಣಕ್ಕೆ ಅಂಟಿಸಿ. ಸೂತ್ರವನ್ನೇ ಉಳಿಸಿದರೆ ಶೀಟು ತೆವಳುತ್ತದೆ.

ಎರಡನೆಯ ಅಂಕಣದಲ್ಲಿ ಆ ಸಾಲಿನ ಪದ, ಅದರ ಕೆಳಗಿನ ಎರಡು ಪದ, ಮೂರನ್ನೂ & ಚಿಹ್ನೆಯಿಂದ ನಡುವೆ ಖಾಲಿ ಜಾಗ ಇಟ್ಟು ಜೋಡಿಸಿ, ಕೊನೆಯವರೆಗೆ ಎಳೆಯಿರಿ. || ಇರುವ ಸಾಲುಗಳನ್ನು ಬೇರೆ ಹಾಳೆಗೆ ಸರಿಸಿಡಿ. ಎಸೆಯಬೇಡಿ, ಅವಕ್ಕೂ ಉಪಯೋಗವಿದೆ. ಉಳಿದದ್ದಕ್ಕೆ ಪಿವಟ್ ಟೇಬಲ್ ಹಾಕಿ: ಸಾಲಿಗೂ ಅದೇ ಅಂಕಣ, ಬೆಲೆಗೂ ('ವ್ಯಾಲ್ಯೂಸ್') ಅದೇ ಅಂಕಣ, ಲೆಕ್ಕ 'ಕೌಂಟ್‌ಎ'. ಹೆಚ್ಚಿನದರಿಂದ ಕಡಿಮೆಗೆ ಇಳಿಸಿ.

ಕೌಂಟ್‌ಇಫ್ ಸೂತ್ರದಿಂದ ಮಾಡಲು ಹೋಗಬೇಡಿ. ಐವತ್ತು ಸಾವಿರ ಸಾಲಿನಲ್ಲಿ ಪ್ರತಿ ಸಾಲೂ ಐವತ್ತು ಸಾವಿರವನ್ನು ಹುಡುಕಬೇಕು, ಅಂದರೆ 250 ಕೋಟಿ ಹೋಲಿಕೆ. ಶೀಟು ನಿಂತುಹೋಗುತ್ತದೆ.

ಅಂದಹಾಗೆ, ಕಚೇರಿಯ ಖಾತೆಯ ಶೀಟ್ಸ್‌ನಲ್ಲಿ ಸ್ವಂತ ಡೈರಿ ಹಾಕುವ ಮುನ್ನ ಯೋಚಿಸಿ. ಅಲ್ಲಿನ ಕಡತಗಳನ್ನು ಸಂಸ್ಥೆಯ ನಿರ್ವಾಹಕರು ತೆರೆಯಬಹುದು.

ಪ್ರಶ್ನೆ: ವಾರದ ಅಂಕಣ ಬರೆಯುತ್ತೇನೆ. ಟಿಪ್ಪಣಿಯಲ್ಲೂ ಕರಡಿನಲ್ಲೂ ಒಂದೇ ಬಗೆಯ ವಾಕ್ಯ ಬರೆಯುತ್ತೇನೆಂದು ಸಂಪಾದಕರ ದೂರು. ಪದ ಎಣಿಸಿದರೆ ಏನೂ ಸಿಗಲಿಲ್ಲ. (ಅಂಕಣಕಾರ್ತಿ, ಮೈಸೂರು)

ನಿಮ್ಮ ಹುಡುಕಾಟ ವಾಕ್ಯದ ನಡುವಿನಲ್ಲಿ ನಡೆದಿರಬೇಕು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಬರಹಗಾರರ ಚಾಳಿ ಕಾಣಿಸಿಕೊಳ್ಳುವುದು ವಾಕ್ಯದ ಬಾಲದಲ್ಲಿ: 'ಎಂದರೆ ತಪ್ಪಾಗಲಾರದು', 'ಎಂಬುದನ್ನು ಮರೆಯಬಾರದು', 'ಎನ್ನದೆ ವಿಧಿಯಿಲ್ಲ'. ಮೇಲಿನ ಉತ್ತರದಲ್ಲಿ ಸರಿಸಿಡಲು ಹೇಳಿದ ಹಾಳೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಅದರಲ್ಲಿ ಮೂರನೆಯ ಪದ || ಆಗಿರುವ ಸಾಲುಗಳನ್ನು ಆಯ್ದರೆ ಪ್ರತಿ ವಾಕ್ಯದ ಕೊನೆಯ ಎರಡು ಪದ ಸಿಗುತ್ತವೆ; ಮೊದಲ ಪದ || ಆಗಿರುವ ಸಾಲುಗಳಲ್ಲಿ ವಾಕ್ಯದ ಆರಂಭ. ಎರಡನ್ನೂ ಬೇರೆ ಬೇರೆ ಎಣಿಸಿ. 'ಆದರೆ', 'ಹಾಗೆ ನೋಡಿದರೆ', 'ಇನ್ನು' ಇವು ಆರಂಭದಲ್ಲಿ ಎಷ್ಟಿವೆ ಎಂದು ನೋಡಿದರೆ ಸಂಪಾದಕರ ದೂರು ಅರ್ಥವಾದೀತು.

ಒಂದು ಮಾತು ಹತ್ತು ಅಂಕಣದಲ್ಲಿ ಹತ್ತು ಸಲ ಬಂದರೆ ಓದುಗರಿಗೆ ಗೊತ್ತಾಗುವುದಿಲ್ಲ. ಎರಡು ಪ್ಯಾರಾದೊಳಗೆ ಎರಡು ಸಲ ಬಂದರೆ ಕಣ್ಣಿಗೆ ಚುಚ್ಚುತ್ತದೆ. ಆದ್ದರಿಂದ ಒಟ್ಟು ಲೆಕ್ಕದ ಜೊತೆ ಅಂತರವನ್ನೂ ನೋಡಿ. ಆ್ಯಂಟ್‌ಕಾಂಕ್‌ನ 'ಪ್ಲಾಟ್' ವಿಭಾಗದಲ್ಲಿ ಪ್ರತಿ ಕಡತ ಒಂದು ಅಡ್ಡ ಪಟ್ಟೆಯಾಗಿ, ಮಾತು ಬಂದ ಜಾಗ ಗೆರೆಯಾಗಿ ಕಾಣುತ್ತದೆ. ಒತ್ತೊತ್ತಾಗಿ ಗೆರೆ ಇದ್ದಲ್ಲಿ ತಿದ್ದಿ. ಬೇಕೆಂದೇ ಮರುಕಳಿಸಿದ ಮಾತನ್ನು ಯಂತ್ರದ ಲೆಕ್ಕ ನೋಡಿ ಕತ್ತರಿಸಬೇಕಾಗಿಲ್ಲ.

ಪ್ರಶ್ನೆ: ಪೈಥಾನ್ ಬಳಸುತ್ತೇನೆ. 'ಫೋನ್ ಮಾಡಬೇಕು', 'ಫೋನ್ ಮಾಡ್ಬೇಕು', 'ಫೋನ್ ಮಾಡಬೇಕಿತ್ತು' ಎಲ್ಲವೂ ಬೇರೆಯೆಂದು ಎಣಿಕೆಯಾಗುತ್ತವೆ. ಇವನ್ನು ಒಟ್ಟುಮಾಡುವುದು ಹೇಗೆ? (ಸಾಫ್ಟ್‌ವೇರ್ ಎಂಜಿನಿಯರ್, ಸಿಂಗಪುರ)

ಮೊದಲು ಪದ ಒಡೆಯುವ ಸಾಲನ್ನು ಪರೀಕ್ಷಿಸಿ. ಪೈಥಾನ್ ಜೊತೆಗೇ ಬರುವ ಆರ್‌ಇ ಮಾಡ್ಯೂಲ್‌ನಲ್ಲಿ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ಕನ್ನಡದ ಸ್ವರಚಿಹ್ನೆ, ವಿರಾಮಗಳನ್ನು ಪದದ ಭಾಗವೆಂದು ಒಪ್ಪುವುದಿಲ್ಲ. ಸೈಕಿಟ್-ಲರ್ನ್‌ನ ಕೌಂಟ್‌ವೆಕ್ಟರೈಸರ್ ಕೂಡ ತನ್ನಷ್ಟಕ್ಕೆ ಬಳಸುವುದು ಅದನ್ನೇ. ಜೊತೆಗೆ ಒಂದೇ ಅಕ್ಷರದ ಚೂರುಗಳನ್ನು ಸದ್ದಿಲ್ಲದೆ ಎಸೆದುಬಿಡುತ್ತದೆ. ಕಲಬುರಗಿಯವರ ತೊಂದರೆಯೇ ಇದು, ದೋಷದ ಸಂದೇಶವೂ ಬರದೆ. ಯುನಿಕೋಡ್‌ನ ಕನ್ನಡ ಖಂಡವನ್ನು, ಅಂದರೆ 0ಸಿ80ರಿಂದ 0ಸಿಎಫ್‌ಎಫ್‌ವರೆಗೆ, ನೀವೇ ನಮೂನೆಯಾಗಿ ಕೊಡಿ. ಅದಕ್ಕೂ ಮೊದಲು ಎನ್‌ಎಫ್‌ಸಿ ಮಾಡಿ, 200ಸಿ ಮತ್ತು 200ಡಿ ಸಂಕೇತಗಳನ್ನು ಅಳಿಸಿರಬೇಕು.

ಇನ್ನು ರೂಪಗಳನ್ನು ಒಟ್ಟುಮಾಡುವುದು. ಪದದ ಮೊದಲ ಮೂರು ಅಕ್ಷರ ಮಾತ್ರ ಇಟ್ಟುಕೊಳ್ಳುವ ಒರಟು ಉಪಾಯ ಹಲವರು ಮಾಡುತ್ತಾರೆ. 'ಮಾಡಬೇಕು', 'ಮಾಡಬೇಕಿತ್ತು', 'ಮಾಡಬೇಕಾಗಿದೆ' ಎಲ್ಲವೂ 'ಮಾಡಬೇ' ಆಗುತ್ತವೆ, ಸರಿ. ಆದರೆ 'ಮಾಡಬೇಡ'ವೂ 'ಮಾಡಬೇ' ಆಗುತ್ತದೆ! ಬೇಕು, ಬೇಡ ಎರಡನ್ನೂ ಒಂದೇ ಬುಟ್ಟಿಗೆ ಹಾಕುವ ಎಣಿಕೆಯಿಂದ ಪ್ರಯೋಜನವಿಲ್ಲ. ಅತ್ತ 'ಮನೆಗೆ', 'ಮನೆಯಿಂದ' ಇವು ಮೂರು ಅಕ್ಷರಕ್ಕೆ ಒಂದಾಗುವುದೂ ಇಲ್ಲ.

ನಮ್ಮ ಸಲಹೆ ಕೈಕೆಲಸದ್ದು. ನಿಮ್ಮ ಟಿಪ್ಪಣಿಗಳ ಪದಪಟ್ಟಿಯಲ್ಲಿ ಮೇಲಿನ 300 ಪದಗಳನ್ನು ತೆಗೆದು, ಎರಡು ಅಂಕಣದ ಬದಲಿ ಪಟ್ಟಿ ಮಾಡಿ: ಎಡಕ್ಕೆ ಬರೆದ ರೂಪ, ಬಲಕ್ಕೆ ಒಪ್ಪಿದ ರೂಪ. 'ಮಾಡ್ಬೇಕು', 'ಮಾಡ್ಬೇಕಿತ್ತು', ಇಂಗ್ಲಿಷ್ ಅಕ್ಷರದಲ್ಲಿ ಬರೆದ ಅದೇ ಪದದ ನಾಲ್ಕಾರು ಕಾಗುಣಿತ, ಎಲ್ಲಕ್ಕೂ ಬಲಕ್ಕೆ 'ಮಾಡಬೇಕು'. ಒಬ್ಬರೇ ಬರೆದ ಟಿಪ್ಪಣಿಯಲ್ಲಿ ಮರುಕಳಿಸುವ ಪದಗಳು ಕೆಲವೇ. ಪಟ್ಟಿಯ ಬಾಲದಲ್ಲಿರುವ ಒಂದೇ ಸಲ ಬಂದ ಪದಗಳ ಗೊಡವೆ ಬೇಡ. ಎಲ್ಲರ ಕನ್ನಡಕ್ಕೂ ಸಲ್ಲುವ ವಿಶ್ಲೇಷಕ ಬರೆಯಹೊರಡುವುದಕ್ಕಿಂತ ಒಂದು ಸಂಜೆಯ ಈ ಪಟ್ಟಿ ಹೆಚ್ಚು ಕೆಲಸ ಮಾಡುತ್ತದೆ.

ಪೂರ್ತಿ ಒಂದೇ ಅಲ್ಲದ, ಹತ್ತಿರದ ಟಿಪ್ಪಣಿಗಳನ್ನು ಹುಡುಕಲು ಜಕಾರ್ಡ್ ಅಳತೆ ಸಾಕು: ಎರಡು ಟಿಪ್ಪಣಿಗಳಲ್ಲಿ ಸಮಾನವಾದ ತುಂಡುಗಳ ಸಂಖ್ಯೆಯನ್ನು ಎರಡರಲ್ಲೂ ಸೇರಿ ಇರುವ ಬೇರೆ ಬೇರೆ ತುಂಡುಗಳ ಸಂಖ್ಯೆಯಿಂದ ಭಾಗಿಸುವುದು. ಕಂಪ್ಯೂಟರ್ ವಿಜ್ಞಾನಿ ಆಂಡ್ರೈ ಬ್ರೋಡರ್ 1997ರಲ್ಲಿ ಜಾಲಪುಟಗಳ ನಕಲು ಪತ್ತೆಗೆ ಇದನ್ನೇ ಪದಸರಣಿಗಳ ಮೇಲೆ ಬಳಸಿದರು. ಟಿಪ್ಪಣಿಗಳು ಚಿಕ್ಕವಾದ್ದರಿಂದ ಇಲ್ಲಿ ಎಚ್ಚರ ಬೇಕು. 'ನಾಳೆ ಅಮ್ಮನಿಗೆ ಔಷಧಿ ತರಬೇಕು', 'ನಾಳೆ ಅಮ್ಮನಿಗೆ ಮಾತ್ರೆ ತರಬೇಕು' ಇವನ್ನು ಒಂಟಿ ಪದಗಳಿಂದ ಅಳೆದರೆ ಸಮಾನ 3, ಒಟ್ಟು 5, ಅಂದರೆ 0.6. ಎರಡು ಪದದ ತುಂಡಿನಿಂದ ಅಳೆದರೆ ಸಮಾನ 1, ಒಟ್ಟು 5, ಬರೇ 0.2. ಒಂದು ಪದ ಬದಲಾದರೆ ಅದನ್ನು ಮುಟ್ಟುವ ಎರಡು ತುಂಡೂ ಹೋಗುತ್ತವೆ. ಹತ್ತು ಪದಕ್ಕಿಂತ ಚಿಕ್ಕ ಟಿಪ್ಪಣಿಗೆ ಒಂಟಿ ಪದ, ಉದ್ದದ್ದಕ್ಕೆ ಮೂರು ಪದದ ತುಂಡು ಇಡಿ. ವೇಗದ ಚಿಂತೆ ಬೇಡ. 2,000 ಟಿಪ್ಪಣಿಗಳಿಗೆ ಜೋಡಿಗಳು 19,99,000. ಮಾಮೂಲಿ ಲ್ಯಾಪ್‌ಟಾಪ್ ಇದನ್ನು ನೇರವಾಗಿ ಮಾಡಿ ಮುಗಿಸುತ್ತದೆ, ಮಿನ್‌ಹ್ಯಾಶ್ ಎಂಬಂಥ ಅಂದಾಜಿನ ವೇಗದ ವಿಧಾನ ಬೇಕಾಗಿಲ್ಲ.

ಪ್ರಶ್ನೆ: ಡೈರಿಯಲ್ಲಿ 'ನಿದ್ದೆ ಬರಲಿಲ್ಲ' ಎಂದು ಯಾವ ತಿಂಗಳಲ್ಲಿ ಹೆಚ್ಚು ಬರೆದಿದ್ದೇನೆ ಎಂದು ನೋಡಿದೆ. ಜನವರಿಯಲ್ಲೂ ಜೂನ್‌ನಲ್ಲೂ ಒಂಬತ್ತೊಂಬತ್ತು. ಎರಡೂ ಒಂದೇ ಎನ್ನಬಹುದೇ? (ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ)

ಆ ತಿಂಗಳು ಎಷ್ಟು ದಿನ ಡೈರಿ ಬರೆದಿದ್ದೀರಿ ಎಂದು ನೋಡದೆ ಹೇಳಲಾಗದು. ಜನವರಿಯಲ್ಲಿ ಬರೆದದ್ದು 12 ದಿನ, ಜೂನ್‌ನಲ್ಲಿ 28 ದಿನ ಎಂದುಕೊಳ್ಳಿ. ಮೊದಲನೆಯದು ನೂರಕ್ಕೆ 75, ಎರಡನೆಯದು ನೂರಕ್ಕೆ 32. ವರ್ಷ ವರ್ಷಗಳನ್ನು ಹೋಲಿಸುವಾಗಲೂ ಹತ್ತು ಸಾವಿರ ಪದಕ್ಕೆ ಎಷ್ಟು ಎಂದು ಲೆಕ್ಕ ಹಾಕಿ. 40,000 ಪದದಲ್ಲಿ 20 ಸಲ ಬಂದದ್ದು ಹತ್ತು ಸಾವಿರಕ್ಕೆ 5. 15,000 ಪದದಲ್ಲಿ 18 ಸಲ ಬಂದದ್ದು 12. ಕಡಿಮೆ ಸಲ ಬಂದದ್ದೇ ನಿಜದಲ್ಲಿ ಹೆಚ್ಚು.

ಇನ್ನೊಂದು ಓರೆ ಇದೆ. ಚೆನ್ನಾಗಿ ನಿದ್ದೆ ಬಂದ ದಿನ 'ಚೆನ್ನಾಗಿ ನಿದ್ದೆ ಬಂತು' ಎಂದು ಬರೆಯುವವರು ಕಡಿಮೆ. ಕಷ್ಟವಾದ ದಿನವೇ ಡೈರಿ ತೆರೆಯುವ ಅಭ್ಯಾಸವಿದ್ದರೆ ಈ ಪ್ರಮಾಣವೂ ಉಬ್ಬಿರುತ್ತದೆ. ವೈದ್ಯರಿಗೆ ತೋರಿಸಲು ಲೆಕ್ಕ ಬೇಕಿದ್ದರೆ ಇಂದಿನಿಂದ ದಿನಾಲೂ ನಿದ್ದೆಯ ಗಂಟೆ ಬರೆದಿಡಿ, ಹಳೆಯ ಡೈರಿಯಿಂದ ಹಿಂಡಿ ತೆಗೆಯಬೇಡಿ. 'ನಿದ್ದೆ' ಮಾತ್ರ ಹುಡುಕಿ ಎಣಿಸುವ ತಪ್ಪನ್ನಂತೂ ಮಾಡಬೇಡಿ. 'ಬಂತು', 'ಬರಲಿಲ್ಲ' ಎರಡೂ ಒಂದೇ ಲೆಕ್ಕಕ್ಕೆ ಬೀಳುತ್ತವೆ.

ಪ್ರಶ್ನೆ: ಇಷ್ಟೆಲ್ಲ ಏಕೆ? ಟಿಪ್ಪಣಿಗಳನ್ನೆಲ್ಲ ಎಐ ಚಾಟ್‌ಬಾಟ್‌ಗೆ ಕೊಟ್ಟು 'ನಾನು ಪದೇ ಪದೇ ಬರೆದದ್ದೇನು' ಎಂದು ಕೇಳಿದರೆ ಸಾಲದೇ? (ವಿದ್ಯಾರ್ಥಿ, ಮಂಗಳೂರು)

ಕೇಳಬಹುದು, ಉತ್ತರವೂ ಚೆಂದವಾಗಿ ಬರುತ್ತದೆ. 'ಹಣಕಾಸಿನ ಆತಂಕ ಮರುಕಳಿಸಿದೆ' ಎಂದು ವಿಷಯಗಳಿಗೆ ಹೆಸರಿಡುವುದರಲ್ಲಿ ಅವು ಗಟ್ಟಿ. ಪದ ಬೇರೆಯಾಗಿದ್ದರೂ ಅರ್ಥ ಒಂದೇ ಆದ ಟಿಪ್ಪಣಿಗಳನ್ನು ಜೊತೆಗೂಡಿಸಬಲ್ಲವು, ಎನ್-ಗ್ರಾಮ್‌ಗೆ ಅದು ಸಾಧ್ಯವಿಲ್ಲ. ಆದರೆ 'ಈ ಮಾತು 23 ಸಲ ಬಂದಿದೆ' ಎಂದರೆ ನಂಬಬೇಡಿ. ಅವು ಸಾಮಾನ್ಯವಾಗಿ ಒಂದೊಂದಾಗಿ ಎಣಿಸಿ ಹೇಳುವುದಿಲ್ಲ. ಉದ್ಧರಣ ಚಿಹ್ನೆಯೊಳಗೆ ಕೊಟ್ಟ ನಿಮ್ಮದೇ ವಾಕ್ಯ ಕೂಡ ನೀವು ಬರೆದದ್ದಲ್ಲದಿರಬಹುದು. ಮೂಲ ಕಡತದಲ್ಲಿ ಹುಡುಕಿ ನೋಡಿ. ರಾಶಿ ದೊಡ್ಡದಾದರೆ ಅದು ಪೂರ್ತಿ ಒಳಗೆ ಹಿಡಿಸುವುದೂ ಇಲ್ಲ.

ಹಾಗಾಗಿ ಕ್ರಮ ತಿರುಗಿಸಿ: ಎಣಿಕೆ ನೀವು ಮಾಡಿ, ರೇಂಜ್ 3 ಅಥವಾ ಅದಕ್ಕಿಂತ ಹೆಚ್ಚು ಇರುವ ಪಟ್ಟಿಯನ್ನು ಮಾತ್ರ ಅದಕ್ಕೆ ಕೊಟ್ಟು ಗುಂಪು ಮಾಡಿಸಿ. ಖಾಸಗಿತನವೂ ಒಂದಿಷ್ಟು ಉಳಿಯುತ್ತದೆ. ಪಾಸ್‌ವರ್ಡ್, ಆಧಾರ್ ಸಂಖ್ಯೆ, ಮನೆಯವರ ಆರೋಗ್ಯದ ಮಾತು ಟಿಪ್ಪಣಿಯಲ್ಲಿ ಎಲ್ಲೆಲ್ಲಿ ಅಡಗಿವೆ ಎಂದು ಬರೆದವರಿಗೇ ನೆನಪಿರುವುದಿಲ್ಲ.

ಪ್ರಶ್ನೆ: ಕೈಬರಹದ ಪುಟಗಳ ಫೋಟೊಗಳೂ ನನ್ನ ಟಿಪ್ಪಣಿಯಲ್ಲಿವೆ. ಅವನ್ನೂ ಸೇರಿಸಬಹುದೇ? (ಕೃಷಿಕರು, ತೀರ್ಥಹಳ್ಳಿ)

ಮುದ್ರಿತ ಪುಟವಾದರೆ ಪರವಾಗಿಲ್ಲ. ಫೋಟೊವನ್ನು ಗೂಗಲ್ ಡ್ರೈವ್‌ಗೆ ಹಾಕಿ 'ಓಪನ್ ವಿತ್ ಗೂಗಲ್ ಡಾಕ್ಸ್' ಎಂದರೆ ಪಠ್ಯ ಸಿಗುತ್ತದೆ. ಕಂಪ್ಯೂಟರಿನಲ್ಲೇ ಆಗಬೇಕೆಂದರೆ ಚಿತ್ರದಿಂದ ಪಠ್ಯ ತೆಗೆಯುವ ಟೆಸ್ಸೆರಾಕ್ಟ್‌ಗೆ ಕನ್ನಡದ ದತ್ತಾಂಶವಿದೆ. ಕೈಬರಹಕ್ಕೆ ಒಂದು ಪುಟ ಪರೀಕ್ಷೆ ಮಾಡಿ, ನೂರು ಪದದಲ್ಲಿ ಎಷ್ಟು ಸರಿಯಿವೆ ಎಂದು ಎಣಿಸಿ. ನೂರಕ್ಕೆ 90 ಸರಿಯಿದ್ದರೆ ಮೂರು ಪದದ ಒಂದು ಮಾತು ಇಡಿಯಾಗಿ ಉಳಿಯುವುದು ಸುಮಾರು 73 ಸಲ. 80 ಸರಿಯಿದ್ದರೆ 51 ಸಲ. ಅಷ್ಟಕ್ಕಿಂತ ಕಡಿಮೆ ಬಂದರೆ ಪುಟದ ಮುಖ್ಯ ಸಾಲುಗಳನ್ನು ಫೋನಿಗೆ ಓದಿ ಹೇಳಿ ಧ್ವನಿ ಟೈಪಿಂಗ್ ಮಾಡಿಸುವುದೇ ಬೇಗ ಮುಗಿಯುತ್ತದೆ. ಧ್ವನಿ ಟೈಪಿಂಗ್‌ನಲ್ಲಿ ಪೂರ್ಣವಿರಾಮ ಬೀಳದಿರಬಹುದು, ಪ್ರತಿ ವಾಕ್ಯದ ಕೊನೆಗೆ ಹೊಸ ಸಾಲು ಒತ್ತುತ್ತ ಹೋಗಿ.